ಹೈದರಾಬಾದಿನ ಕನ್ನಡಿಗರೂ ಅವರು ಕಲಿತ ನುಡಿಗಳೂ

ರಾಜ್ಯೋತ್ಸವದ ದಿನ ಕನ್ನಡದ ಹಿರಿಮೆಯನ್ನು ಕೊಂಡಾಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅದು ಆಗಬೇಕಾದದ್ದೇ. ಆದರೆ ತಾಯ್ನಾಡನ್ನು ಬಿಟ್ಟು ಬಂದು ಈ ಮಹಾನಗರದಲ್ಲಿ ಮನೆ ಮಾಡಿಕೊಂಡಿರುವ ನಮ್ಮಂಥವರಿಗೆ ಇನ್ನೊಂದು ವಿಚಾರವೂ ಅಷ್ಟೇ ಹತ್ತಿರದ್ದು. ನಾವು ಕಲಿಯಬೇಕಾಗಿ ಬಂದ ಪರನುಡಿಗಳು ನಮಗೆ ಏನನ್ನು ಕೊಟ್ಟವು, ನಮ್ಮಿಂದ ಏನನ್ನಾದರೂ ಕಿತ್ತುಕೊಂಡವೇ ಎಂಬುದೇ ಆ ವಿಚಾರ. ಕನ್ನಡದ ಹಬ್ಬದಂದು ಪರಭಾಷೆಯ ಮಾತೇಕೆ ಎಂದು ವಾಚಕರು ಕೇಳಬಹುದು. ಲೇಖನವನ್ನು ಕೊನೆಯವರೆಗೆ ಓದಿದರೆ ಎರಡೂ ಬೇರೆಯಲ್ಲವೆಂಬುದು ತಾನಾಗಿಯೇ ತಿಳಿದೀತು.

ನಮ್ಮ ಮೆಹದಿಪಟ್ಟಣಂ ಹೆಸರನ್ನೇ ನೋಡೋಣ. ನಿಜಾಂ ಸರಕಾರದಲ್ಲಿ ಉನ್ನತ ಅಧಿಕಾರದಲ್ಲಿದ್ದು, ಮುಂದೆ 1960ರಲ್ಲಿ ಗುಜರಾತಿನ ಮೊದಲನೆಯ ರಾಜ್ಯಪಾಲರಾದ ನವಾಬ ಮೆಹದಿ ನವಾಜ್ ಜಂಗರ ಹೆಸರು ಇದರಲ್ಲಿದೆ. ಮೆಹದಿ ಎಂಬುದು ಅರಬ್ಬೀ ಮಾತು. ಪಟ್ಟಣ ಎಂಬುದು ಸಂಸ್ಕೃತದಿಂದ ಬಂದು ಕನ್ನಡ ತೆಲುಗುಗಳೆರಡರಲ್ಲೂ ಬೆಳೆದ ಮಾತು. ಕೊನೆಯ ಬಿಂದುವಂತೂ ಅಪ್ಪಟ ತೆಲುಗಿನದು. ಹೆಸರು ಹೇಗೋ ಇಲ್ಲಿಯ ಬಾಳೂ ಹಾಗೆಯೇ. ರೈತು ಬಜಾರಿನಲ್ಲಿ ಕಾಯಿಪಲ್ಲೆಯವಳೊಡನೆ ತೆಲುಗು, ಆಟೋದವನೊಡನೆ ದಖನಿ, ಕಚೇರಿಯಲ್ಲಿ ಇಂಗ್ಲಿಷು, ಮನೆಯ ಬಾಗಿಲು ದಾಟಿದ ಮೇಲೆ ಕನ್ನಡ; ಹೀಗೆ ಒಂದೇ ಹಗಲಿನಲ್ಲಿ ನಾಲ್ಕು ನುಡಿಗಳನ್ನು ಆಡುವ ಗೃಹಿಣಿಯರು ನಮ್ಮಲ್ಲಿ ಎಷ್ಟೋ ಮಂದಿ. ಇದು ವಿದ್ವತ್ತೆಂದು ಅವರಿಗೆ ಅನ್ನಿಸಿಯೇ ಇಲ್ಲ.

ಆದರೂ ನಮ್ಮ ಮನೆಗಳಲ್ಲಿ ಒಂದು ಅಳುಕು ಉಂಟು. ಮಗು ಶಾಲೆಯಲ್ಲಿ ತೆಲುಗು ಕಲಿತು, ಹಿಂದಿ ಕಲಿತು, ಇಂಗ್ಲಿಷಿನಲ್ಲಿ ಓದಿ, ಕೊನೆಗೆ ಅಜ್ಜಿಯ ಕನ್ನಡಕ್ಕೆ ಎಡೆಯೇ ಉಳಿಯುವುದಿಲ್ಲವೋ ಏನೋ ಎಂಬ ಅಳುಕು. ಒಂದು ಗಡಿಗೆಯಲ್ಲಿ ಇಷ್ಟೇ ನೀರು ಹಿಡಿಯುತ್ತದೆಂಬ ಲೆಕ್ಕದಲ್ಲಿ ನಾವು ಮನುಷ್ಯನ ಮನಸ್ಸನ್ನು ಅಳೆಯುತ್ತೇವೆ. ಈ ನಾಡಿನ ಇತಿಹಾಸ ಆ ಲೆಕ್ಕವನ್ನು ಒಪ್ಪುವುದಿಲ್ಲ.

ತೆಲಂಗಾಣಕ್ಕೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ನಾವು ಮೊದಲಿಗರಲ್ಲ. ನಮಗಿಂತ ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಆದಿಕವಿ ಪಂಪನ ಕುಟುಂಬವಿದ್ದಿತು. ಪಂಪನ ಹಿರಿಯರು ವೆಂಗಿನಾಡಿನವರು. ಆತನಿಗೆ ಆಶ್ರಯವಿತ್ತ ಚಾಲುಕ್ಯ ಅರಿಕೇಸರಿಯ ರಾಜಧಾನಿ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಕ್ರಿ. ಶ. 941ರ ವಿಕ್ರಮಾರ್ಜುನ ವಿಜಯ ಹುಟ್ಟಿದ್ದು ಆ ಆಸ್ಥಾನದ ಆಶ್ರಯದಲ್ಲಿ. ಪಂಪನ ತಮ್ಮ ಜಿನವಲ್ಲಭ. ಈಗಿನ ಕರೀಂನಗರ ಜಿಲ್ಲೆಯ ಕುರಿಕ್ಯಾಲ ಗ್ರಾಮದ ಬಳಿ ಬೊಮ್ಮಲಗುಟ್ಟ ಎಂಬ ಕಲ್ಲುಗುಡ್ಡವಿದೆ. ಆ ಬಂಡೆಯ ಮೇಲೆ ಜಿನವಲ್ಲಭನು ಕೆತ್ತಿಸಿದ ಹತ್ತನೆಯ ಶತಮಾನದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಪಂಪನ ವಂಶದ ವಿಚಾರದಲ್ಲಿ ನಮ್ಮ ವಿದ್ವಾಂಸರಿಗೆ ಈ ಶಾಸನ ಅಮೂಲ್ಯವಾದ ಆಧಾರ. ತೆಲುಗರಿಗೂ ಅದು ಅಷ್ಟೇ ಬೆಲೆಯುಳ್ಳದ್ದು; ಏಕೆಂದರೆ ಅದರಲ್ಲಿರುವ ತೆಲುಗು ಕಂದಪದ್ಯಗಳು ಹನ್ನೊಂದನೆಯ ಶತಮಾನದ ನನ್ನಯನಿಗಿಂತ ಹಿಂದಿನವು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕನ್ನಡಕ್ಕೆ ಆದಿಕವಿಯನ್ನು ಕೊಟ್ಟ ಮನೆಯವನೊಬ್ಬನು ನೆರೆನುಡಿಯಲ್ಲಿ ಪದ್ಯ ಬರೆಸಿದ್ದರಿಂದ ಕನ್ನಡಕ್ಕೆ ಕುಂದೇನೂ ಬರಲಿಲ್ಲ. ಅವನ ಹೆಸರು ಮಾತ್ರ ಒಂದರ ಬದಲು ಎರಡು ಸಾಹಿತ್ಯಗಳ ಚರಿತ್ರೆಯಲ್ಲಿ ಉಳಿಯಿತು. ಕನ್ನಡ ಮತ್ತು ತೆಲುಗುಗಳಿಗೆ ಶಾಸ್ತ್ರೀಯ ಭಾಷೆಗಳೆಂಬ ಮನ್ನಣೆ 2008ರಲ್ಲಿ ಒಟ್ಟಿಗೇ ದೊರೆತದ್ದನ್ನು ನೆನೆದಾಗ, ಆ ಗುಡ್ಡದ ಬಂಡೆ ಎರಡು ನುಡಿಗಳಿಗೂ ಮೊದಲೇ ಹಾಕಿಟ್ಟ ಜಂಟಿ ಖಾತೆಯಂತೆ ತೋರುತ್ತದೆ.

ಎರಡು ನುಡಿಗಳ ನಡುವಣ ಈ ಕೊಡುಕೊಳೆಯು ಅಲ್ಲಿಗೆ ನಿಲ್ಲಲಿಲ್ಲ. ಈಗಿನ ಜನಗಾಂವ್ ಜಿಲ್ಲೆಯ ಪಾಲಕುರ್ತಿಯ ಹೆಸರಿನೊಡನೆ ನೆನೆಯಲಾಗುವ ಪಾಲ್ಕುರಿಕೆ ಸೋಮನಾಥನು ಬಸವಣ್ಣನವರ ಚರಿತ್ರೆಯನ್ನು ತೆಲುಗಿನ ದ್ವಿಪದಿಯಲ್ಲಿ ಬಸವ ಪುರಾಣವಾಗಿ ಹಾಡಿದನು. ಕನ್ನಡ ನೆಲದ ಶರಣರ ಬಾಳು ಹೀಗೆ ತೆಲುಗಿಗೆ ಹೋಯಿತು. 1369ರಲ್ಲಿ ಭೀಮಕವಿಯು ಆ ತೆಲುಗು ಕಾವ್ಯವನ್ನು ಅನುಸರಿಸಿ ಭಾಮಿನೀ ಷಟ್ಪದಿಯಲ್ಲಿ ಕನ್ನಡ ಬಸವ ಪುರಾಣವನ್ನು ಬರೆದನು. ಸೋಮನಾಥನಿಗೆ ಕನ್ನಡವೂ ಭೀಮಕವಿಗೆ ತೆಲುಗೂ ತಿಳಿಯದೆ ಇದ್ದಿದ್ದರೆ ಈ ಎರಡು ಗ್ರಂಥಗಳೂ ನಮಗೆ ಇಂದಿನ ರೂಪದಲ್ಲಿ ದೊರೆಯುತ್ತಿರಲಿಲ್ಲ. ನಮ್ಮ ಮನೆಯ ಒಡವೆಯೇ ನೆರೆಮನೆಗೆ ಹೋಗಿ ಹೊಸ ಮೆರುಗು ಪಡೆದು ಬಂದಿತು. ಅದನ್ನು ಗುರುತಿಸಿ ತರಲು ನೆರೆಮನೆಯ ಮಾತು ಬಲ್ಲವನೊಬ್ಬನು ಬೇಕಾಗಿದ್ದನು.

ಇನ್ನು ಈ ನಗರವನ್ನು ಕಟ್ಟಿದ ಮನೆತನದ ಮಾತು. 1591ರಲ್ಲಿ ಹೈದರಾಬಾದನ್ನು ಸ್ಥಾಪಿಸಿದ ಮುಹಮ್ಮದ್ ಕುಲಿಯ ತಂದೆ ಇಬ್ರಾಹಿಂ ಕುತುಬ್ ಷಾ. ಸಿಂಹಾಸನವೇರುವ ಮೊದಲು ಈತನು ಪ್ರಾಣಭಯದಿಂದ ಗೋಲ್ಕೊಂಡವನ್ನು ಬಿಟ್ಟು ಸುಮಾರು ಏಳು ವರ್ಷಗಳ ಕಾಲ ವಿಜಯನಗರದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿ ಇದ್ದನು. ಪಾರಸಿಯನ್ನು ಬಲ್ಲ ರಾಜಕುಮಾರನು ತೆಲುಗು ಕವಿಗಳ ಸವಿಯನ್ನು ಕಂಡದ್ದು ನಮ್ಮ ಹಂಪೆಯ ಆ ಆಸ್ಥಾನದಲ್ಲಿ. 1550ರಲ್ಲಿ ದೊರೆಯಾಗಿ ಹಿಂದಿರುಗಿದ ಮೇಲೆ ಅವನು ಆ ರುಚಿಯನ್ನು ಬಿಡಲಿಲ್ಲ. ಅದ್ದಂಕಿ ಗಂಗಾಧರ ಕವಿಯು ತಪತೀ ಸಂವರಣೋಪಾಖ್ಯಾನವನ್ನು ಅವನಿಗೆ ಅಂಕಿತ ಮಾಡಿದನು. ತೆಲುಗು ಕವಿಗಳು ಅವನನ್ನು ಪ್ರೀತಿಯಿಂದ ಮಲ್ಕಿಭರಾಮನೆಂದು ಕರೆದರು. ದೇಶಭ್ರಷ್ಟನಾಗಿದ್ದ ದಿನಗಳಲ್ಲಿ ಅಭ್ಯಾಸವಾದ ಒಂದು ನುಡಿಯು ಅರಸನೊಬ್ಬನಿಗೆ ಅವನ ಪ್ರಜೆಗಳ ಹೃದಯವನ್ನೇ ತೆರೆದು ಕೊಟ್ಟಿತು.

ಬೀದಿಯಲ್ಲಿ ನಾವು ಕೇಳುವ ದಖನಿಯೂ ಕನ್ನಡಿಗರಿಗೆ ಪರಕೀಯವಲ್ಲ. ಅದು ಬೆಳೆದ ತೊಟ್ಟಿಲುಗಳಲ್ಲಿ ಮುಖ್ಯವಾದವು ಕಲಬುರ್ಗಿ, ಬೀದರ, ವಿಜಾಪುರಗಳು. ದಖನಿಯ ಅತ್ಯಂತ ಹಳೆಯ ಕಥನಕಾವ್ಯವೆಂದು ಹೆಸರಾದ ಕದಮ್ ರಾವ್ ಪದಮ್ ರಾವ್ ಎಂಬುದು ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸರ ಬೀದರಿನಲ್ಲಿ ನಿಜಾಮಿ ಎಂಬ ಕವಿಯಿಂದ ರಚಿತವಾಯಿತು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ ಶಾಹನು ತನ್ನ ಕಿತಾಬ್-ಎ-ನವರಸ್ ಎಂಬ ಹಾಡುಗಬ್ಬದಲ್ಲಿ ಸರಸ್ವತಿಯನ್ನು ಸ್ತುತಿಸಿದ್ದಾನೆ. ಕಚೇರಿ, ಅರ್ಜಿ, ಜಮೀನು, ಖರ್ಚು, ಬಾಕಿ, ವಕೀಲ ಎಂಬ ಮಾತುಗಳನ್ನು ಇಂದು ಯಾವ ಕನ್ನಡಿಗನೂ ಪರದೇಶದವೆಂದು ಭಾವಿಸುವುದಿಲ್ಲ. ಅರಿತೋ ಅರಿಯದೆಯೋ ನಾವೆಲ್ಲರೂ ಅರೆಪಾಲು ಪಾರಸಿಯನ್ನು ಕಲಿತೇ ಇದ್ದೇವೆ.

ಈಗ ನಮ್ಮ ಹಿರಿಯರ ಕಾಲಕ್ಕೆ ಬರೋಣ. ನಿಜಾಂ ಸಂಸ್ಥಾನದಲ್ಲಿ ಕಲಬುರ್ಗಿ, ರಾಯಚೂರು, ಬೀದರ ಜಿಲ್ಲೆಗಳ ಕನ್ನಡಿಗರು ಇದ್ದರು. ಸರಕಾರದ ಭಾಷೆಯಾಗಿದ್ದ ಪಾರಸಿಯ ಸ್ಥಾನಕ್ಕೆ 1884ರಲ್ಲಿ ಉರ್ದು ಬಂದಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಶಿಕ್ಷಣ ಮಾಧ್ಯಮವಾಗಿ ಮಾಡಿಕೊಂಡಿತು. ಅದಕ್ಕಾಗಿಯೇ ತೆರೆದ ಭಾಷಾಂತರ ಶಾಖೆಯಲ್ಲಿ ಗಣಿತ, ವೈದ್ಯ, ಕಾನೂನು ಮೊದಲಾದ ಶಾಸ್ತ್ರಗಳ ಗ್ರಂಥಗಳು ಉರ್ದುವಿಗೆ ಬಂದವು. ಭಾರತೀಯ ಭಾಷೆಯೊಂದರಲ್ಲಿ ಮೇಲ್ಮಟ್ಟದ ವಿದ್ಯೆಯನ್ನು ಕಲಿಸಬಹುದೆಂದು ತೋರಿಸಿಕೊಟ್ಟದ್ದು ಅದರ ಹೆಗ್ಗಳಿಕೆ.

ಆದರೆ ಈ ಹೆಗ್ಗಳಿಕೆಯ ಬೆಲೆಯನ್ನು ತೆತ್ತವರು ಕನ್ನಡ, ತೆಲುಗು, ಮರಾಠಿ ಮನೆಗಳ ಮಕ್ಕಳು. ತಾಯ್ನುಡಿಯಲ್ಲಿ ಮುಂದಕ್ಕೆ ಓದಲಾರದೆ, ನೌಕರಿಗಾಗಿ ಪರಲಿಪಿಯೊಂದನ್ನು ಬಲದಿಂದ ಎಡಕ್ಕೆ ಬರೆಯುತ್ತ ಅವರು ಬೆಳೆದರು. ಬೇರೆ ನುಡಿಯನ್ನು ಕಲಿಯುವುದು ಒಳ್ಳೆಯದೆಂದ ಮಾತ್ರಕ್ಕೆ ತಾಯ್ನುಡಿಯನ್ನು ತಪ್ಪಿಸುವುದು ಒಳ್ಳೆಯದಾಗುವುದಿಲ್ಲ. ಹಿರಿಯರು ಅದನ್ನು ಅರಿತೇ ಕನ್ನಡ ಶಾಲೆಗಳಿಗಾಗಿ, ಸಂಘಗಳಿಗಾಗಿ ದುಡಿದರು. ನಿಜಾಂ ಆಳ್ವಿಕೆಯಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನವು 1928ರಲ್ಲಿ ಕಲಬುರ್ಗಿಯಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿಯೂ, 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿಯೂ ನೆರೆಯಿತು. ಈ ನಗರದ ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ತಲೆಯೆತ್ತಿದ್ದು ಆ ಬಗೆಯ ಶ್ರದ್ಧೆಯಿಂದಲೇ.

ಬಲವಂತದಿಂದ ಬಂದ ಆ ಉರ್ದುವನ್ನು ನಮ್ಮವರು ಏನು ಮಾಡಿದರು? ಕೆಲವರು ಕಚೇರಿಯ ಕಡತದೊಡನೆ ಅದನ್ನೂ ಕಟ್ಟಿಟ್ಟರು. ಕೆಲವರು ಅದರ ಒಳಮನೆಯನ್ನು ಹೊಕ್ಕರು. 1918ರಲ್ಲಿ ಯಲಬುರ್ಗಿ ತಾಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಉಸ್ಮಾನಿಯಾದ ಪದವೀಧರರು. ಸರಕಾರದ ದೊಡ್ಡ ಅಧಿಕಾರಿಗಳಾದರೂ ಕಾವ್ಯಾನಂದರೆಂಬ ಹೆಸರಿನಿಂದ ಕನ್ನಡದಲ್ಲಿ ಕವಿತೆಗಳನ್ನೂ ವಚನಗಳನ್ನೂ ಬರೆದರು. ರಾಯಚೂರು ಜಿಲ್ಲೆಯವರಾದ ಶಾಂತರಸರು ಉರ್ದು ಕಾವ್ಯವನ್ನು ಆಳವಾಗಿ ಓದಿ ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಇಂದು ಕನ್ನಡ ಗಜಲಿನ ಹೆಸರೆತ್ತಿದರೆ ಮೊದಲು ನೆನಪಾಗುವವರು ಅವರು. ಉರ್ದುವಿನ ನೆಲದಲ್ಲಿ ಬೆಳೆದ ಈ ಇಬ್ಬರನ್ನೂ ಕನ್ನಡಿಗರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿದರು: ಪುರಾಣಿಕರನ್ನು 1987ರಲ್ಲಿ ಕಲಬುರ್ಗಿಯಲ್ಲಿ, ಶಾಂತರಸರನ್ನು 2006ರಲ್ಲಿ ಬೀದರಿನಲ್ಲಿ. ಪರನುಡಿಯು ಅವರಿಂದ ಕನ್ನಡವನ್ನು ಕಸಿದುಕೊಂಡಿದ್ದರೆ ಇದು ಆಗುತ್ತಿದ್ದಿತೆ?

ಗಜಲಿನ ಕಟ್ಟನ್ನು ಸ್ವಲ್ಪ ನೋಡಿದರೆ ಕಲಿತವನ ಗಳಿಕೆ ಯಾವ ಬಗೆಯದೆಂಬುದು ತಿಳಿಯುತ್ತದೆ. ಎರಡೆರಡು ಸಾಲಿನ ಷೇರುಗಳು. ಮೊದಲನೆಯ ಷೇರಿನ ಎರಡೂ ಸಾಲುಗಳ ಕೊನೆಯಲ್ಲಿ, ಆಮೇಲೆ ಪ್ರತಿ ಷೇರಿನ ಎರಡನೆಯ ಸಾಲಿನ ಕೊನೆಯಲ್ಲಿ, ಪ್ರಾಸದ ಕಾಫಿಯಾ ಮತ್ತು ಮರುಕಳಿಸುವ ಪದವಾದ ರದೀಫ್. ಇದನ್ನು ಅರಿತ ಕನ್ನಡಿಗನು ಹಿಂದಿರುಗಿ ತನ್ನ ಕಂದಪದ್ಯವನ್ನು ನೋಡಿದಾಗ, ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತುದಿಯಲ್ಲಿಡದೆ ಆದಿಯ ಎರಡನೆಯ ಅಕ್ಷರದಲ್ಲಿ ಇಟ್ಟಿದ್ದಾರೆಂಬುದು ಅವನಿಗೆ ಹೊಸದಾಗಿ ಕಾಣಿಸುತ್ತದೆ. ಹುಟ್ಟಿನಿಂದ ಕೇಳಿದ್ದರೂ ಅದುವರೆಗೆ ಗಮನಿಸಿರಲಿಲ್ಲ. ಮನೆಯೊಳಗೇ ಇದ್ದವನಿಗೆ ಮನೆಯ ಆಕಾರ ತಿಳಿಯದು. ಹೊರಗೆ ಬಂದು ನಿಂತು ನೋಡಬೇಕು. ಪರನುಡಿಯು ನಮಗೆ ಕೊಡುವ ಮೊದಲನೆಯ ಲಾಭ ಇದೇ.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಮೂರು ಕನ್ನಡ ಜಿಲ್ಲೆಗಳ ಬಹುಭಾಗವು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಗದ್ವಾಲ, ಆಲಂಪುರ, ಕೊಡಂಗಲ, ತಾಂಡೂರು, ನಾರಾಯಣಖೇಡ ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ನಗರದಲ್ಲಿಯೇ ಉಳಿದ ಕನ್ನಡಿಗರಿಗೆ ಆಳುವ ಭಾಷೆ ಮತ್ತೊಮ್ಮೆ ಬದಲಾಯಿತು. ಅಜ್ಜನಿಗೆ ಉರ್ದು, ತಂದೆಗೆ ಇಂಗ್ಲಿಷು, ಮಗನಿಗೆ ತೆಲುಗು ಎಂದು ಒಂದೇ ಮನೆಯ ಮೂರು ತಲೆಮಾರುಗಳು ಮೂರು ನುಡಿಗಳನ್ನು ಹೊಸದಾಗಿ ಹಿಡಿಯಬೇಕಾಯಿತು. ಆಮೇಲೆ ಧಾರವಾಡ, ಮೈಸೂರು, ಉಡುಪಿ ಕಡೆಗಳಿಂದ ಬಂದವರಿಗೂ ಇದೇ ಪಾಠ. ಬಾಡಿಗೆ ಮನೆ ಹುಡುಕುವಾಗ, ಮಗುವಿಗೆ ಜ್ವರ ಬಂದ ರಾತ್ರಿ, ನೆರೆಯವರ ಮನೆಯಲ್ಲಿ ಸಾವಾದಾಗ, ನಾಲ್ಕು ಮಾತು ಅವರ ನುಡಿಯಲ್ಲಿ ಬಂದರೆ ಆಗುವ ಉಪಕಾರ ಹಣದಿಂದ ಆಗದು. ನೆರೆಯವರ ಮಾತನ್ನು ಕಲಿಯದವನು ಮೂವತ್ತು ವರ್ಷ ಇದ್ದರೂ ಊರಿಗೆ ಅತಿಥಿಯೇ.

ಮೆಹದಿಪಟ್ಟಣದಿಂದ ಹೊರಟು ಆರಾಂಘರದವರೆಗೆ ಸುಮಾರು 11 ಕಿಲೋಮೀಟರು ಸಾಗುವ ಮೇಲುರಸ್ತೆಯು 2009ರಲ್ಲಿ ತೆರೆಯಿತು. ಅದಕ್ಕೆ ಇಟ್ಟಿರುವ ಹೆಸರು ಪಿ. ವಿ. ನರಸಿಂಹರಾಯರದು. ಅವರನ್ನು ಪ್ರಧಾನಮಂತ್ರಿಗಳೆಂದು ಎಲ್ಲರೂ ಬಲ್ಲರು. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಅವರ ಬಹುಭಾಷಾ ಪ್ರೇಮ. ವಿಶ್ವನಾಥ ಸತ್ಯನಾರಾಯಣರ ತೆಲುಗು ಕಾದಂಬರಿ ವೇಯಿಪಡಗಲು ಅವರ ಕೈಯಲ್ಲಿ ಹಿಂದಿಯ ಸಹಸ್ರಫಣ್ ಆಯಿತು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯೊಂದನ್ನು ಅವರು ತೆಲುಗಿಗೆ ತಂದರು. ರಾಜಕಾರಣದ ಗದ್ದಲದಲ್ಲಿಯೂ ಭಾಷೆಯ ಅಭ್ಯಾಸವನ್ನು ಬಿಡದ ಅವರು ಸ್ಪ್ಯಾನಿಷ್ ಭಾಷೆಯನ್ನೂ ಕಲಿತರು. ಪದವಿಗಳು ಬಂದು ಹೋದವು. ಕಲಿತದ್ದನ್ನು ಮಾತ್ರ ಯಾರೂ ಹಿಂದಕ್ಕೆ ಕೇಳಲಾರರು.

ಇನ್ನೊಂದು ಲಾಭದ ಬಗೆಗೆ ನಮ್ಮ ನಗರದಿಂದಲೇ ಜಗತ್ತಿಗೆ ಒಂದು ಸುದ್ದಿ ಹೋಗಿದೆ. ಪಂಜಾಗುಟ್ಟದಲ್ಲಿರುವ ನಿಜಾಂ ವೈದ್ಯವಿಜ್ಞಾನ ಸಂಸ್ಥೆ ನಮ್ಮೆಲ್ಲರಿಗೂ ಪರಿಚಿತ. ಅಲ್ಲಿ ನರರೋಗ ವೈದ್ಯೆಯಾಗಿದ್ದ ಡಾಕ್ಟರ್ ಸುವರ್ಣ ಅಲ್ಲಾಡಿಯವರೂ ಅವರ ಸಂಗಡಿಗರೂ ಮರೆಗುಳಿ ರೋಗಕ್ಕೆ ತುತ್ತಾದ 648 ಮಂದಿಯ ವಿವರಗಳನ್ನು ಪರಿಶೀಲಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ನುಡಿಗಳನ್ನು ಆಡುವವರು. ಒಂದೇ ನುಡಿಯವರಿಗಿಂತ ಇವರಲ್ಲಿ ರೋಗವು ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತ್ತು. 2013ರಲ್ಲಿ ಪ್ರಕಟವಾದ ಈ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಗಮನಾರ್ಹವಾದದ್ದು, ಓದುಬರಹ ಬಾರದವರಲ್ಲಿಯೂ ಈ ಅಂತರವು ಕಂಡುಬಂದದ್ದು. ಅಂದಮೇಲೆ ಇದು ಶಾಲೆಯ ಓದಿನ ಫಲವೆಂದು ತಳ್ಳಿಹಾಕುವಂತಿಲ್ಲ. 2016ರಲ್ಲಿ ಪ್ರಕಟವಾದ ಅವರ ಮತ್ತೊಂದು ಅಧ್ಯಯನದಲ್ಲಿ, ಪಾರ್ಶ್ವವಾಯುವಿಗೆ ತುತ್ತಾದ 608 ಮಂದಿಯನ್ನು ನೋಡಲಾಗಿ, ಬುದ್ಧಿಶಕ್ತಿ ಕುಂದದೆ ಉಳಿದವರು ಎರಡು ನುಡಿಯವರಲ್ಲಿ ನೂರಕ್ಕೆ ಸುಮಾರು 40, ಒಂದೇ ನುಡಿಯವರಲ್ಲಿ ಸುಮಾರು 20.

ಇದನ್ನು ಹಿಗ್ಗಿಸಿ ಹೇಳಬಾರದು. ಭಾಷೆ ಕಲಿತವರಿಗೆ ಮರೆವು ಬರುವುದಿಲ್ಲವೆಂದು ಆ ವೈದ್ಯರು ಹೇಳಲಿಲ್ಲ. ತಡವಾಗಿ ಬಂದಿತೆಂದು ಹೇಳಿದರು. ಎರಡಕ್ಕಿಂತ ಹೆಚ್ಚು ನುಡಿಗಳಿಂದ ಹೆಚ್ಚಿನ ರಕ್ಷಣೆ ಅವರಿಗೆ ಕಾಣಲಿಲ್ಲ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದೇ ಫಲವನ್ನು ಕೊಟ್ಟಿಲ್ಲ. ಆದರೂ ಒಂದು ಕಾರಣವನ್ನು ಊಹಿಸಬಹುದು. ಹೈದರಾಬಾದಿನವನು ಎರಡು ನುಡಿಗಳನ್ನು ಪುಸ್ತಕದಲ್ಲಿ ಇಟ್ಟುಕೊಂಡವನಲ್ಲ. ಒಂದನ್ನು ತಡೆದು ಇನ್ನೊಂದನ್ನು ಆರಿಸುವ ವ್ಯಾಯಾಮವು ಅವನ ಮಿದುಳಿಗೆ ದಿನದ ಉದ್ದಕ್ಕೂ ನಡೆದಿರುತ್ತದೆ. ನಮ್ಮ ತಾಯಂದಿರು ರೈತು ಬಜಾರಿನಲ್ಲಿ ಮಾಡುವ ಚೌಕಾಶಿಯೂ ಒಂದು ಬಗೆಯ ಅಂಗಸಾಧನೆಯೇ ಸರಿ.

ಈ ಕಲಿಕೆಯಲ್ಲಿ ವಿನೋದವೂ ಉಂಟು. ತೆಲುಗಿನಲ್ಲಿ ಇಲ್ಲು ಎಂದರೆ ಮನೆ; ನಮ್ಮ ಕಿವಿಗೆ ಅದು ಇಲ್ಲ ಎಂದೇ ಕೇಳುತ್ತದೆ. ಉಂಡಂಡಿ ಎಂದು ನೆರೆಯವರು ಹೇಳಿದರೆ ಇರಿ ಎಂದು ಅರ್ಥ. ಹೊಸದಾಗಿ ಬಂದ ಕನ್ನಡಿಗನು ಊಟ ಸಿದ್ಧವಾಗಿದೆಯೆಂದು ಭಾವಿಸಿ ಕುಳಿತರೆ ಅವನ ತಪ್ಪೇನಲ್ಲ. ಆದರೆ ಈ ನಗೆಯ ಹಿಂದೆ ಒಂದು ದೊಡ್ಡ ಪಾಠವಿದೆ. ತೆಲುಗರು ಹಾಲಿಗೆ ಪಾಲು ಎನ್ನುತ್ತಾರೆ, ಹುಲಿಗೆ ಪುಲಿ, ಹಂದಿಗೆ ಪಂದಿ, ಹೂವಿಗೆ ಪುವ್ವು. ನಮ್ಮ ಹಳಗನ್ನಡದಲ್ಲಿಯೂ ಪಾಲ್, ಪುಲಿ, ಪಂದಿ, ಪೂ ಎಂದೇ ಇದ್ದವು. ಕಾಲಕ್ರಮದಲ್ಲಿ ನಾವು ಪಕಾರವನ್ನು ಹಕಾರ ಮಾಡಿಕೊಂಡೆವು; ಅವರು ಉಳಿಸಿಕೊಂಡರು. ಹಾಗೆಯೇ ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆರೆ ಅವರಿಗೆ ಚೆರುವು. ಅಲ್ಲಿ ಹಳೆಯದನ್ನು ಉಳಿಸಿಕೊಂಡವರು ನಾವು. ಮೆಹದಿಪಟ್ಟಣದ ಹಾಲಿನವನ ಮಾತನ್ನು ಬಲ್ಲ ಹುಡುಗನಿಗೆ ಪಂಪನ ಪದಗಳು ಬೆಂಗಳೂರಿನ ಹುಡುಗನಿಗಿಂತ ಒಂದು ಹೆಜ್ಜೆ ಹತ್ತಿರವೆಂದರೆ ಅತಿಶಯೋಕ್ತಿಯಲ್ಲ.

ಲಿಪಿಯ ವಿಷಯವಂತೂ ನಮಗೆ ದೊರೆತ ಭಾಗ್ಯವೇ. ಕನ್ನಡ ತೆಲುಗು ಲಿಪಿಗಳೆರಡೂ ಕದಂಬರ ಮತ್ತು ಚಾಲುಕ್ಯರ ಕಾಲದ ಒಂದೇ ಬರಹದಿಂದ ಕವಲೊಡೆದವು. ಬಹಳ ಶತಮಾನಗಳವರೆಗೆ ಅವನ್ನು ಬೇರೆಯೆಂದು ಹೇಳುವಂತೆಯೇ ಇರಲಿಲ್ಲ. ಇಂದಿಗೂ ತಲೆಕಟ್ಟಿನ ಬಾಗು ಮತ್ತು ಕೆಲವು ಅಕ್ಷರಗಳ ಬಳುಕು ಬಿಟ್ಟರೆ ಉಳಿದದ್ದೆಲ್ಲ ಅಣ್ಣತಮ್ಮಂದಿರ ಮುಖಗಳು. ತೆಲಂಗಾಣ ಸರಕಾರವು 2018ರಲ್ಲಿ ಶಾಲೆಗಳಲ್ಲಿ ತೆಲುಗನ್ನು ಕಡ್ಡಾಯ ವಿಷಯವಾಗಿ ಮಾಡುವ ಶಾಸನವನ್ನು ತಂದಾಗ ನಮ್ಮಲ್ಲಿ ಕೆಲವರು ಚಿಂತೆಗೊಳಗಾದರು. ಚಿಂತಿಸಬೇಕಾಗಿಲ್ಲ. ತೆಲುಗಿನ ಕಾಗುಣಿತವನ್ನು ಕಲಿತ ಮಗುವು ಕನ್ನಡ ಓದುವ ದಾರಿಯನ್ನು ಮುಕ್ಕಾಲು ಪಾಲು ನಡೆದಂತೆ. ಉಳಿದ ಕಾಲುಪಾಲನ್ನು ನಡೆಸುವುದು ಮನೆಯ ಹಿರಿಯರ ಕೆಲಸ. ಪರನುಡಿಯೇ ತಾಯ್ನುಡಿಗೆ ಸೇತುವೆಯಾಗುವ ಇಂಥ ಅನುಕೂಲ ಮುಂಬಯಿಯ ಕನ್ನಡಿಗರಿಗಿಲ್ಲ, ದಿಲ್ಲಿಯವರಿಗಿಲ್ಲ, ನಮಗೆ ಇದೆ.

ಹಾಗಾದರೆ ನಮ್ಮ ಮನೆಗಳಲ್ಲಿ ಕನ್ನಡ ಸೊರಗುತ್ತಿರುವುದು ಏಕೆ? ತೆಲುಗಿನಿಂದಲೂ ಅಲ್ಲ, ಇಂಗ್ಲಿಷಿನಿಂದಲೂ ಅಲ್ಲ. ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ನಾವು ಬೇರೆ ಭಾಷೆಯಲ್ಲಿ ಉತ್ತರ ಕೊಡುವುದರಿಂದ. ಊಟದ ಹೊತ್ತಿನಲ್ಲಿ ಯಾರೂ ಯಾರೊಡನೆಯೂ ಮಾತನಾಡದಿರುವುದರಿಂದ. ಮನೆಯಲ್ಲಿ ಕನ್ನಡದ ಒಂದು ಪುಸ್ತಕವೂ ಇಲ್ಲದಿರುವುದರಿಂದ. ಜಿನವಲ್ಲಭನಿಂದ ಶಾಂತರಸರವರೆಗೆ ಕಲಿತವರ ಕೈಯಲ್ಲಿ ಕನ್ನಡ ಬೆಳೆದಿದೆ. ಅವರು ಹೊಸದನ್ನು ಪಡೆದರು, ಹಳೆಯದನ್ನು ಕೈಬಿಡಲಿಲ್ಲ. ಇಷ್ಟೇ ಅದರ ಗುಟ್ಟು.

ಆದುದರಿಂದ ಕನ್ನಡ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟು. ಇಲ್ಲಿಗೆ ಹೊಸದಾಗಿ ಬಂದವರು ತೆಲುಗನ್ನು ಕಲಿಯಿರಿ. ಆಡುವುದಷ್ಟೇ ಅಲ್ಲ, ಓದುವುದನ್ನೂ. ಮಕ್ಕಳ ಬಳಿ ಇರಲು ಊರಿನಿಂದ ಬಂದ ವೃದ್ಧ ತಂದೆತಾಯಿಗಳನ್ನು ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿ ಕೂಡಿಸದೆ, ನೆರೆಯವರೊಡನೆ ನಾಲ್ಕು ತೆಲುಗು ಮಾತಾಡಲು ಕಲಿಸಿರಿ. ಅವರು ಮೊಮ್ಮಕ್ಕಳಿಗೆ ಕನ್ನಡ ಅಕ್ಷರಗಳನ್ನು ತಿದ್ದಿಸಲಿ, ಮೊಮ್ಮಕ್ಕಳು ಅವರಿಗೆ ತೆಲುಗಿನವನ್ನು ತೋರಿಸಲಿ. ಈ ವಿನಿಮಯಕ್ಕೆ ಶುಲ್ಕವಿಲ್ಲ, ಪರೀಕ್ಷೆಯಿಲ್ಲ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಒಂದೊಂದು ಮನೆಯಲ್ಲಿಯೂ ಹಿರಿಯರೊಬ್ಬರು ತೆಲುಗು ಪತ್ರಿಕೆಯನ್ನೂ ಮಗುವೊಂದು ಕನ್ನಡ ಕಥೆಯನ್ನೂ ತಾವಾಗಿಯೇ ಓದುವಂತಾಗಲಿ. ಸಕಲರಿಗೂ ರಾಜ್ಯೋತ್ಸವದ ಶುಭಾಶಯಗಳು.